ಮೀನಿಗೆ ಕತ್ತಲೆಯನ್ನಾದರೂ ಬಿಡಿ

ಮಾನ್ಯ ಸಂಪಾದಕರೇ,

ಹತ್ತು ದಿನಗಳ ಹಿಂದೆ ನಿಮ್ಮ ಓದುಗರ ಅಂಕಣದಲ್ಲಿ ಮಂಗಳೂರಿನ ಓದುಗರೊಬ್ಬರು ಬೆಳಕು ಮೀನುಗಾರಿಕೆಯ, ಅಂದರೆ ರಾತ್ರಿ ಕಡಲಿನಲ್ಲಿ ದೊಡ್ಡ ದೀಪ ಹಚ್ಚಿ ಮೀನನ್ನು ಸೇರಿಸಿ ಹಿಡಿಯುವುದರ, ಪರವಾಗಿ ಬರೆದಿದ್ದರು. ‘ರೈತ ಟ್ರ್ಯಾಕ್ಟರ್ ಹತ್ತಬಹುದು, ಮೀನುಗಾರ ಮಾತ್ರ ಹುಟ್ಟು ಹಾಕುತ್ತಲೇ ಇರಬೇಕೇ?’ ಎಂಬುದು ಅವರ ಪ್ರಶ್ನೆ. ಪ್ರಶ್ನೆ ಚೆನ್ನಾಗಿಯೇ ಇದೆ. ಆದರೆ ಕೇಳಿದವರು ಕಡಲಿಗೆ ಇಳಿದವರಲ್ಲ ಎಂಬುದು ಎರಡನೆಯ ಪ್ಯಾರಾಕ್ಕೇ ಗೊತ್ತಾಯಿತು. ದೀಪ ಹಚ್ಚಿದರೆ ‘ಬೇಕಾದ ಮೀನನ್ನು ಮಾತ್ರ’ ಹಿಡಿಯಬಹುದಂತೆ.

ನಾನು ನಲವತ್ತು ವರ್ಷ ಕಡಲಿನಲ್ಲಿದ್ದವನು. ಮೊದಲು ಅಪ್ಪನ ಜೊತೆ ನಾಡದೋಣಿ, ಆಮೇಲೆ ಮಲ್ಪೆಯಲ್ಲಿ, ಮೀನಿನ ಗುಂಪನ್ನು ಬಲೆಯಿಂದ ಸುತ್ತುವರಿಯುವ ಪರ್ಸಿನ್ ಬೋಟಿನಲ್ಲಿ ಕಲಾಸಿ, ಅಂದರೆ ಕೆಲಸಗಾರ, ಕೊನೆಯ ಹನ್ನೊಂದು ವರ್ಷ ಅದೇ ಬೋಟನ್ನು ನಡೆಸುವ ತಾಂಡೇಲ. ದೀಪ ಹಚ್ಚಿ ಮೀನು ಹಿಡಿಯುವ ಕೆಲಸವನ್ನು ನಾನೂ ಮಾಡಿದ್ದೇನೆ. ಹಾಗಾಗಿ ಇದನ್ನು ಯಾರೂ ಸಾಧುವಿನ ಉಪದೇಶವೆಂದು ಓದಬೇಕಾಗಿಲ್ಲ.

ಯಂತ್ರದ ಬಗ್ಗೆ ನನ್ನ ತಕರಾರಿಲ್ಲ. ಅಪ್ಪನ ಕಾಲದಲ್ಲಿ ಮಂಜು ಕವಿದರೆ ದೋಣಿಯವರು ನೀರಿನ ಬಣ್ಣ, ಅಲೆಯ ದಿಕ್ಕು ನೋಡಿಕೊಂಡು ತಡಕಾಡುತ್ತಾ ಬರಬೇಕಿತ್ತು. ಮಂಜು ಇಲ್ಲದ ದಿನ 1901ರಿಂದ ಉರಿಯುತ್ತಿರುವ ಕಾಪು ದೀಪಸ್ತಂಭವಿತ್ತು, ಅಷ್ಟೇ. ಈಗ ಜಿಪಿಎಸ್ ಇದೆ, ವೈರ್‌ಲೆಸ್ ಇದೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯವರು ಉಪಗ್ರಹದಿಂದ ನೀರಿನ ಶಾಖ, ಹಸಿರು ನೋಡಿ ಮೀನು ಎಲ್ಲಿರಬಹುದು ಎಂದು ಮುಂಚಿತವಾಗಿ ತಿಳಿಸುತ್ತಾರೆ. ಬೋಟಿನಡಿ ಎಷ್ಟು ಮಾರು ನೀರಿದೆ, ನಡುವೆ ಮೀನಿನ ಗುಂಪಿದೆಯೇ ಎಂಬುದನ್ನು ಫಿಶ್ ಫೈಂಡರ್ ಪರದೆಯಲ್ಲಿ ತೋರಿಸುತ್ತದೆ. ಇವೆಲ್ಲ ಬಂದದ್ದು ಒಳ್ಳೆಯದೇ. ಇವು ನಮ್ಮನ್ನು ಮೀನಿದ್ದಲ್ಲಿಗೆ ಒಯ್ಯುತ್ತವೆ, ಮತ್ತೆ ಮನೆಗೆ ತಲುಪಿಸುತ್ತವೆ. ಮೀನಿನ ಕಡೆಯಿಂದ ಏನನ್ನೂ ಕಿತ್ತುಕೊಳ್ಳುವುದಿಲ್ಲ. ಜಾಗ ಗೊತ್ತಾದ ಮೇಲೂ ಮೀನು ಓಡುತ್ತದೆ, ಮುಳುಗುತ್ತದೆ, ನಾವು ಹಾಕಿದ ಬಲೆ ಖಾಲಿ ಬರುತ್ತದೆ.

ದೀಪದ ಕತೆ ಬೇರೆ.

2015ರ ಜನವರಿ, ಅಮಾವಾಸ್ಯೆಯ ಆಸುಪಾಸು. ಗಂಗೊಳ್ಳಿಯ ನೇರಕ್ಕೆ, ಇಪ್ಪತ್ತೈದು ಮಾರು ನೀರಿನಲ್ಲಿ ನಮ್ಮ ಬೋಟ್ ನಿಂತಿತ್ತು. ಜನರೇಟರ್ ಶುರು ಮಾಡಿಸಿದಾಗ ಗಂಟೆ ಹತ್ತೂವರೆ. ನೀರು ಒಮ್ಮೆಗೇ ಹಸಿರಾಯಿತು. ಅರ್ಧ ಗಂಟೆಯಲ್ಲಿ ಧೂಳಿನಂಥ ಸಣ್ಣ ಜೀವಿಗಳು ಬೆಳಕಿನಲ್ಲಿ ಕುದಿಯತೊಡಗಿದವು. ಅವನ್ನು ತಿನ್ನಲು ಬೊಳೆಂಜಿರ್ ಎಂಬ ಸಣ್ಣ ಮೀನು ಬಂತು, ಬೊಳೆಂಜಿರಿನ ಹಿಂದೆ ಬಂಗುಡೆ. ಬೊಂಡಾಸ್ (ಸ್ಕ್ವಿಡ್) ಮಾತ್ರ ನಟ್ಟನಡುವಿಗೆ ಬರುವುದಿಲ್ಲ. ಬೋಟಿನ ನೆರಳು ಬೀಳುವ ಅಂಚಿನಲ್ಲಿ ತೂಗುತ್ತಾ ನಿಂತು, ಒಮ್ಮೆ ಬೆಳಕಿಗೆ ಚಿಮ್ಮಿ, ಸಿಕ್ಕಿದ್ದನ್ನು ಹಿಡಿದು, ಹಿಮ್ಮುಖವಾಗಿಯೇ ನೆರಳಿಗೆ ಸರಿಯುತ್ತದೆ. ಅದನ್ನು ನೋಡುತ್ತಾ ಕುಳಿತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಕಲಾಸಿಗಳೆಲ್ಲ ಬೀಡಿ ಮರೆತು ಬಾಗಿ ನೋಡುತ್ತಿದ್ದರು.

ಎರಡೂವರೆಗೆ ನಾನು ದೀಪಗಳನ್ನು ಒಂದೊಂದಾಗಿ ಆರಿಸಲು ಹೇಳಿದೆ. ದೀಪ ಕಡಿಮೆಯಾದಷ್ಟೂ ಮೀನು ಉಳಿದ ದೀಪದ ಹತ್ತಿರ ಒತ್ತಿಕೊಳ್ಳುತ್ತದೆ. ಕೊನೆಗೆ ಉಳಿದದ್ದು ಡಿಂಗಿಯ, ಅಂದರೆ ಜೊತೆಗಿರುವ ಸಣ್ಣ ದೋಣಿಯ, ಮೇಲಿನ ಒಂದೇ ದೀಪ. ಅದರ ಸುತ್ತ ಬಲೆ ಬಿಟ್ಟು, ಅಡಿಯ ಬಳೆಗಳಲ್ಲಿ ಪೋಣಿಸಿದ ಹಗ್ಗವನ್ನು ಎಳೆದೆವು. ಹಣದ ಚೀಲದ ಬಾಯಿ ಬಿಗಿಯುವ ಕ್ರಮವೇ ಇದು. ಪರ್ಸಿನ್ ಎಂಬ ಹೆಸರು ಬಂದದ್ದೂ ಅದರಿಂದಲೇ.

ಹಗಲಿನಲ್ಲಿ ಬಂಗುಡೆಯ ಗುಂಪಿಗೆ ಬಲೆ ಹಾಕಿ ನೋಡಿದವರಿಗೆ ಗೊತ್ತು, ಹಗ್ಗ ಬಿಗಿಯುವ ಹೊತ್ತಿಗೆ ನೀರಿನೊಳಗೆ ಜಾತ್ರೆಯಲ್ಲಿ ಕಾಲ್ತುಳಿತವಾದಂತೆ ಆಗುತ್ತದೆ. ಮೀನು ತಳ ಹಿಡಿಯುತ್ತದೆ, ಬಳೆಗಳ ಕೆಳಗಿನಿಂದ ನುಸುಳುತ್ತದೆ. ಹತ್ತರಲ್ಲಿ ನಾಲ್ಕು ಸಲ ಪೂರ್ತಿ ಗುಂಪೇ ತಪ್ಪಿಸಿಕೊಂಡು ಹೋಗಿ, ನಾವು ಒದ್ದೆ ಬಲೆಯನ್ನು ಎಳೆದುಕೊಳ್ಳುತ್ತಾ ಒಬ್ಬರನ್ನೊಬ್ಬರು ಬೈಯುತ್ತಿದ್ದೆವು. ಆ ರಾತ್ರಿ ಮೀನು ಓಡಲೇ ಇಲ್ಲ. ಬಲೆ ಮೇಲೆ ಬಂದು ಬೆನ್ನಿಗೆ ತಾಗುತ್ತಿದ್ದರೂ ಆ ಒಂದು ದೀಪದ ಕೆಳಗೆ ಸುತ್ತು ಹಾಕುತ್ತಲೇ ಇತ್ತು. ಅಷ್ಟು ವರ್ಷಗಳಲ್ಲಿ ಅಂಥದ್ದನ್ನು ನಾನು ಕಂಡಿರಲಿಲ್ಲ.

ಬೆಳಗ್ಗೆ ದಕ್ಕೆಯಲ್ಲಿ ಬುಟ್ಟಿ ಇಳಿಸುವಾಗ ನೋಡಿದರೆ ಬೆರಳುದ್ದದ ಬಂಗುಡೆ, ಪೆನ್ಸಿಲಿನಷ್ಟು ಅಂಜಲ್ ಮರಿ, ಗುರುತೇ ಹತ್ತದಷ್ಟು ಎಳೆಯ ಮೀನುಗಳು. ಮಾರುಕಟ್ಟೆಗೆ ಹೋಗುವ ಮೀನು ಅರ್ಧವೂ ಇರಲಿಲ್ಲ. ಉಳಿದದ್ದು ಮೀನನ್ನು ಒಣಗಿಸಿ ಹುಡಿ ಮಾಡುವ ಫಿಶ್‌ಮೀಲ್ ಕಾರ್ಖಾನೆಯ ಲಾರಿಗೆ, ಕಿಲೋಗೆ ಹದಿನೈದು ರೂಪಾಯಿಯಂತೆ. ‘ಬೇಕಾದ ಮೀನನ್ನು ಮಾತ್ರ’ ಎಂದು ಬರೆದ ಮಹನೀಯರು ಆ ಲಾರಿಯ ಹಿಂದೆ ಒಮ್ಮೆ ಸ್ಕೂಟರಿನಲ್ಲಿ ಹೋಗಬೇಕು. ದೀಪಕ್ಕೆ ದೊಡ್ಡದು ಸಣ್ಣದು ಎಂಬ ಭೇದ ಗೊತ್ತಿಲ್ಲ. ನೆರೆಯ ಕೇರಳದಲ್ಲಿ ಬೂತಾಯಿ (ಸಾರ್ಡಿನ್) 10 ಸೆಂಟಿಮೀಟರ್, ಬಂಗುಡೆ 14 ಸೆಂಟಿಮೀಟರ್ ಇಲ್ಲದಿದ್ದರೆ ಹಿಡಿಯುವಂತಿಲ್ಲ ಎಂದು ಅಳತೆ ಇಟ್ಟಿದ್ದಾರೆ. ಆ ರಾತ್ರಿಯ ನಮ್ಮ ಮೀನಿಗೆ ಯಾರಾದರೂ ಸ್ಕೇಲ್ ಹಿಡಿದಿದ್ದರೆ ನಾವು ತಲೆ ಎತ್ತುವಂತಿರಲಿಲ್ಲ. ಪಾಲು ಹಂಚುವಾಗ ಮೂವತ್ತು ಮಂದಿಯಲ್ಲಿ ಒಬ್ಬರೂ ಬೇಸರ ಮಾಡಿಕೊಳ್ಳಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಅದೇ ವಾರ ನಾನು ಮಗಳ ಕಾಲೇಜಿನ ಶುಲ್ಕ ಕಟ್ಟಿದೆ.

ಮೊನ್ನೆ ಉದ್ಯಾವರ ಹೊಳೆಯ ಅಳಿವೆಯ ಬಳಿ ಮೊಮ್ಮಗನೊಂದಿಗೆ ಗಾಳ ಹಾಕುತ್ತಾ ಕುಳಿತಿದ್ದೆ. ಆರನೇ ತರಗತಿಯ ಹುಡುಗ, ಮನೆಯಲ್ಲಿ ನಾನು ಆಡುವ ಮಾತನ್ನೆಲ್ಲ ಕೇಳಿಸಿಕೊಂಡಿರುತ್ತಾನೆ. “ಅಜ್ಜ, ಸಿಗಡಿ ತೋರಿಸಿ ಮೀನನ್ನು ಕರೆಯುವುದೂ ಮೋಸವೇ ಅಲ್ಲವಾ?” ಎಂದ. ಥಟ್ಟನೆ ಉತ್ತರ ಹೊಳೆಯಲಿಲ್ಲ. ಹೌದು, ಮೋಸವೇ. ಗಾಳದ ತುದಿಯಲ್ಲಿರುವುದು ಊಟವಲ್ಲ, ಕೊಕ್ಕೆ. ಆದರೆ ಕಾಣೆ ಮೀನಿನ ವಿಷಯ ತಿಳಿದವರಿಗೆ ಈ ಮೋಸ ಎಷ್ಟು ಬಡಪಾಯಿ ಎಂಬುದು ಗೊತ್ತು. ಅದು ಮೊದಲು ಮೂತಿಯಿಂದ ಮುಟ್ಟುತ್ತದೆ, ಬಿಡುತ್ತದೆ. ಬದಿಯಿಂದ ಚೂರು ಕಚ್ಚುತ್ತದೆ. ದಾರ ಸ್ವಲ್ಪ ಬಿಗಿಯಾಯಿತೋ, ಹೋಯಿತು. ಹಸಿವಿಲ್ಲದ ಕಾಣೆ ಸಿಗಡಿಯತ್ತ ತಿರುಗಿಯೂ ನೋಡುವುದಿಲ್ಲ. ಆ ಸಂಜೆ ನಾವು ಹನ್ನೊಂದು ಸಿಗಡಿ ಕೊಟ್ಟು ಮೂರು ಕಾಣೆ ತಂದೆವು. ಎಂಟು ಸಿಗಡಿಯನ್ನು ಯಾರು ತಿಂದರು ಎಂದು ಹುಡುಗನನ್ನು ಕೇಳಿದೆ. ಅವನು ನಕ್ಕ.

ಅಂದರೆ ಆಮಿಷ ಒಡ್ಡುವುದೆಲ್ಲ ಒಂದೇ ಅಲ್ಲ. ಸಿಗಡಿಯನ್ನು ಮೀನು ಬೇಡವೆನ್ನಬಹುದು. ಬೆಳಕನ್ನು ಬೇಡವೆನ್ನಲು ಅದಕ್ಕೆ ಆಗುವುದಿಲ್ಲ, ಅದರ ಕಣ್ಣೂ ಮೈಯೂ ಹಾಗೆ ಇವೆ. ನನ್ನ ಮಟ್ಟಿಗೆ ಗೆರೆ ಇಲ್ಲಿದೆ. ಬಲೆ ದೊಡ್ಡದೋ ಸಣ್ಣದೋ, ಎಂಜಿನ್ ಎಷ್ಟು ಅಶ್ವಶಕ್ತಿಯದು ಎಂಬುದೆಲ್ಲ ಆಮೇಲಿನ ಮಾತು. ನಾವು ಹೋದಾಗ ಮೀನಿಗೆ ಓಡಲು ಒಂದು ದಾರಿ ಇತ್ತೇ ಎಂಬುದು ಮೊದಲಿನದು.

ಇದೇ ಲೆಕ್ಕದಲ್ಲಿ ನನಗೆ ದೀಪಕ್ಕಿಂತಲೂ ಹೆಚ್ಚು ಕಸಿವಿಸಿ ಮಾಡಿದ್ದು ಕಪ್ಪೆ ಬೊಂಡಾಸ್ (ಕಟಲ್‌ಫಿಶ್) ಹಿಡಿಯುವ ಉಪಾಯ. ಅದಕ್ಕೆ ವಿದ್ಯುತ್ತೂ ಬೇಡ, ಯಂತ್ರವೂ ಬೇಡ. ತೆಂಗಿನ ಮಡಲು, ಕಾಯಿ ಕಿತ್ತ ಮೇಲೆ ಉಳಿಯುವ ಬರಿಗೊನೆ, ಇವನ್ನು ಕಟ್ಟಿ, ಮರಳಿನ ಚೀಲದ ಭಾರ ಕೊಟ್ಟು ಕಡಲಿಗೆ ಬಿಡುತ್ತಾರೆ. ಮಳೆಗಾಲ ಕಳೆದ ಮೇಲೆ ಕಪ್ಪೆ ಬೊಂಡಾಸ್ ಮೊಟ್ಟೆ ಅಂಟಿಸಲು ಇಂಥ ಜಾಗವನ್ನೇ ಹುಡುಕಿ ಬರುತ್ತದೆ. ಬಂದದ್ದನ್ನು ಹಿಡಿಯುತ್ತಾರೆ. ಒಮ್ಮೆ ನಮ್ಮ ಬಲೆಗೆ ಅಂಥ ಗೊನೆಯೊಂದು ಸಿಕ್ಕಿಕೊಂಡು ಮೇಲೆ ಬಂತು. ಗೊನೆಯ ತುಂಬಾ ಬೆಳ್ಳನೆಯ ಮೊಟ್ಟೆಗಳು, ದ್ರಾಕ್ಷಿ ಗೊಂಚಲಿನ ಹಾಗೆ. ಒಂದನ್ನು ಬಿಸಿಲಿಗೆ ಹಿಡಿದರೆ ಒಳಗೆ ಮರಿ ಮಿಸುಕುವುದು ಕಾಣುತ್ತಿತ್ತು. ಬಲೆ ಬಿಡಿಸಿ ಗೊನೆಯನ್ನು ಮತ್ತೆ ನೀರಿಗೆ ಬಿಟ್ಟೆವು. ತೊಟ್ಟಿಲು ಕಟ್ಟಿಟ್ಟು ಬಾಣಂತಿಯನ್ನು ಹಿಡಿಯುವ ಕೆಲಸ ಅದು. ಹಾಗಾಗಿ ‘ಹಳೆಯ ಕಾಲದ ಸಾಮಾನು ಒಳ್ಳೆಯದು, ಹೊಸ ಯಂತ್ರ ಕೆಟ್ಟದ್ದು’ ಎನ್ನುವವರ ಪಂಗಡಕ್ಕೂ ನನ್ನನ್ನು ಸೇರಿಸಬೇಡಿ. ಹಲವರು ಸೇರಿ ದಡದಿಂದ ಎಳೆಯುತ್ತಿದ್ದ ದೊಡ್ಡ ಬಲೆ ರಂಪಣಿಯ ಕೊನೆಯ ದಿನಗಳನ್ನು ನಾನು ಹುಡುಗನಾಗಿ ಕಂಡಿದ್ದೇನೆ. ಬಲೆಗೆ ಕೈ ಹಾಕಿದವರಿಗೆಲ್ಲ ಪಾಲು ಸಿಗುತ್ತಿತ್ತು, ನಿಜ. ಬೂತಾಯಿ ಹೆಚ್ಚಾದ ದಿನ ಅದನ್ನು ತೆಂಗಿನ ಬುಡಕ್ಕೆ ಗೊಬ್ಬರವಾಗಿ ಹೂಳುತ್ತಿದ್ದುದೂ ನಿಜ. ಎಪ್ಪತ್ತರ ದಶಕದಲ್ಲಿ ಪರ್ಸಿನ್ ಬಂದು ಕೆಲವೇ ವರ್ಷಗಳಲ್ಲಿ ರಂಪಣಿ ಮುಗಿಯಿತು. ಅಪ್ಪ ಪರ್ಸಿನ್‌ಗೆ ಶಾಪ ಹಾಕುತ್ತಿದ್ದರು. ನಾನು ಅದರಲ್ಲೇ ಅನ್ನ ಉಂಡೆ.

ಅಜೆಕಾರಿನ ಕಡೆ ನನಗೊಬ್ಬ ಗೆಳೆಯನಿದ್ದಾನೆ. ಅವನ ತಂದೆಯ ಕಾಲದಲ್ಲಿ ಮನೆಯಲ್ಲಿ ಕೋವಿ ಇತ್ತು, ಬೇಟೆ ಇತ್ತು. ಮರಸು ಕುಳಿತ ಕತೆಗಳನ್ನು ಅವನು ಹೇಳುತ್ತಾನೆ. ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ನೋಡಿ ಮರ ಹತ್ತಬೇಕು, ಕೆಮ್ಮುವಂತಿಲ್ಲ, ಇರುವೆ ಕಚ್ಚಿದರೂ ಅಲುಗುವಂತಿಲ್ಲ, ಹೀಗೆ ರಾತ್ರಿಯೆಲ್ಲ ಕುಳಿತು ಬರಿಗೈಯಲ್ಲಿ ಇಳಿದು ಬರುತ್ತಿದ್ದರು. ಆಮೇಲೆ ಹಣೆಗೆ ಕಟ್ಟುವ ಬ್ಯಾಟರಿ ದೀಪ ಬಂತು. ಕಣ್ಣಿಗೆ ಬೆಳಕು ಬಿದ್ದರೆ ಮೊಲ ಓಡುವುದನ್ನೇ ಮರೆತು ಕಲ್ಲಿನಂತೆ ಕುಳಿತುಬಿಡುತ್ತದೆ. ಅವನ ತಂದೆ ಒಂದೇ ಸಲ ಹಾಗೆ ಹೊಡೆದರಂತೆ. “ಇದು ಬೇಟೆಯಲ್ಲ, ಕಟ್ಟಿ ಹಾಕಿದ ಕೋಳಿಯನ್ನು ಕೊಯ್ದ ಹಾಗಾಯಿತು” ಎಂದು ದೀಪ ಬಿಚ್ಚಿ ಕೊಟ್ಟರಂತೆ. ಬೇಟೆಯೇ ಅಪರಾಧವಾಗಿರುವ ಈ ಕಾಲದಲ್ಲಿ ಈ ಮಾತು ಯಾಕೆ ಎನ್ನಬಹುದು. ಆ ಮೊಲಕ್ಕೂ ನಾನು ಕಂಡ ಬಂಗುಡೆಗೂ ನನಗೆ ವ್ಯತ್ಯಾಸ ಕಾಣದ್ದರಿಂದ ಈ ಮಾತು ಎತ್ತಿದ್ದೇನೆ.

ಇದನ್ನು ವಕೀಲನಾಗಿರುವ ಮಗಳ ಗಂಡನ ಹತ್ತಿರ ಹೇಳಿದಾಗ ಅವನು ಹಳೆಯ ಕಾನೂನಿನ ಪುಸ್ತಕ ತೆಗೆದು ತೋರಿಸಿದ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮೊದಲು ಬಂದಾಗ ಪರವಾನಗಿ ಪಡೆದು ಬೇಟೆಯಾಡಲು ಅವಕಾಶವಿತ್ತು. ಆದರೆ ಹದಿನೇಳನೆಯ ಕಲಮಿನಲ್ಲಿ ಪರವಾನಗಿ ಇದ್ದವನಿಗೂ ಹಲವು ಕಟ್ಟುಪಾಡುಗಳಿದ್ದವು. ಕೃತಕ ಬೆಳಕು ಬಳಸಿ ಬೇಟೆಯಾಡುವಂತಿಲ್ಲ. ಸೂರ್ಯ ಮುಳುಗಿದ ಮೇಲೆ ಆಡುವಂತಿಲ್ಲ. ಉಪ್ಪು ನೆಕ್ಕಲು ಬರುವ ಜಾಗದಲ್ಲಿ, ನೀರು ಕುಡಿಯುವ ಹೊಂಡದ ದಾರಿಯಲ್ಲಿ ಹೊಂಚುವಂತಿಲ್ಲ. ಗಾಡಿಯ ಮೇಲೆ ಕುಳಿತು ಹೊಡೆಯುವಂತಿಲ್ಲ. ವಿನಾಯಿತಿಗಳಿದ್ದವು, ಆದರೆ ಕೆಲವೇ. 1991ರ ತಿದ್ದುಪಡಿಯಲ್ಲಿ ಪರವಾನಗಿ ಬೇಟೆಯೇ ಹೋಯಿತು, ಅದರೊಂದಿಗೆ ಆ ಕಲಮೂ ಹೋಯಿತು. ನಾನು ಅದನ್ನು ಎರಡು ಸಲ ಓದಿಸಿಕೊಂಡೆ. ಕೊಲ್ಲಲು ಅನುಮತಿ ಕೊಟ್ಟ ಕಾನೂನೇ, ಬಾಯಾರಿ ಬಂದದ್ದನ್ನು ಮುಟ್ಟಬೇಡ, ಬೆಳಕು ಬಿಟ್ಟು ಕಂಗೆಡಿಸಬೇಡ ಎಂದಿತ್ತು. ಕಾಡಿನವರಿಗೆ ಅಷ್ಟು ಹಿಂದೆ ಹೇಳಿದ್ದು ಕಡಲಿನವರಿಗೆ ತಲುಪಲು 2017ರ ನವೆಂಬರ್ ಆಗಬೇಕಾಯಿತು. ಬೆಳಕು ಮೀನುಗಾರಿಕೆಯನ್ನೂ, ಎರಡು ಬೋಟ್ ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗನ್ನೂ ಕೇಂದ್ರ ಸರ್ಕಾರ ದೇಶದ ವಿಶೇಷ ಆರ್ಥಿಕ ವಲಯದಲ್ಲಿ, ಅಂದರೆ 200 ನಾಟಿಕಲ್ ಮೈಲಿಯವರೆಗೆ ನಿಷೇಧಿಸಿದ್ದು ಆಗ. ಅದಕ್ಕೆ ಮೊದಲು ‘12 ಮೈಲಿಯ ಆಚೆ ರಾಜ್ಯದ ಕಾನೂನು ನಡೆಯುವುದಿಲ್ಲ’ ಎಂಬ ಸಬೂಬಿತ್ತು. ನಾನೂ ಅದನ್ನೇ ಹೇಳಿಕೊಂಡು ದೀಪ ಹಚ್ಚಿಸಿದ್ದೆ. ಆದೇಶ ಬಂದ ವಾರವೇ ನಮ್ಮ ಮಾಲೀಕರು ಜನರೇಟರ್ ಇಳಿಸಿ ಮಾರಿದರು. ಎಲ್ಲರೂ ಇಳಿಸಲಿಲ್ಲ.

ಓದುಗರು ಜಪಾನಿನ ಉದಾಹರಣೆ ಕೊಟ್ಟಿದ್ದಾರೆ. ಅಲ್ಲಿನ ಬೊಂಡಾಸ್ ದೋಣಿಗಳು ಸಾಲು ದೀಪ ಉರಿಸುವುದು ನಿಜ. ಆದರೆ ಅವು ಹಿಡಿಯುವುದು ಗಾಳದ ದಾರದಲ್ಲಿ, ಬೊಂಡಾಸನ್ನು. ನಮ್ಮ ಹಾಗೆ ದೀಪದಡಿ ಸೇರಿದ್ದನ್ನೆಲ್ಲ ಸುತ್ತುವರಿದು ಚೀಲದ ಬಾಯಿ ಕಟ್ಟುವುದಲ್ಲ. ಡೀಸೆಲ್ ಉಳಿಯುತ್ತದೆ ಎಂಬುದು ಅವರ ಪತ್ರದಲ್ಲಿ ನನಗೆ ಒಪ್ಪಿಗೆಯಾದ ಒಂದೇ ಮಾತು. ಮೀನು ಹುಡುಕುತ್ತಾ ಅಲೆಯುವುದಕ್ಕಿಂತ ಒಂದೆಡೆ ನಿಂತು ದೀಪ ಹಚ್ಚಿದರೆ ಖರ್ಚು ಕಡಿಮೆ, ಜನರೇಟರಿನ ಎಣ್ಣೆ ಲೆಕ್ಕ ಹಾಕಿದರೂ. ಆದರೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯ ಯಾಂತ್ರಿಕ ಬೋಟ್‌ಗಳು ದಡದಲ್ಲಿರುವುದು ಯಾಕೆ? ಮೀನು ಮರಿ ಮಾಡಲಿ ಎಂದು. ನೂಲ ಹುಣ್ಣಿಮೆಯ ದಿನ ಕಡಲಿಗೆ ಹಾಲೆರೆದು ತೆಂಗಿನಕಾಯಿ ಬಿಟ್ಟು ಪ್ರಾರ್ಥಿಸುವುದು ಯಾತಕ್ಕೆ? ಅಷ್ಟೆಲ್ಲ ಮಾಡಿ, ಆ ಮರಿಗಳು ಬೆರಳುದ್ದ ಬೆಳೆಯುವ ಹೊತ್ತಿಗೆ ದೀಪ ಹಚ್ಚಿ ಕರೆದು ಲಾರಿಗೆ ತುಂಬಿದರೆ, ಉಳಿಸಿದ ಡೀಸೆಲ್ಲನ್ನು ಮುಂದಿನ ವರ್ಷ ಯಾವ ಮೀನಿನ ಹಿಂದೆ ಸುಡುತ್ತೀರಿ?

ನನ್ನ ತಂಗಿಯ ಮಗ ಈಗಲೂ ಕಲಾಸಿ. ಅವನ ಬೋಟಿನಲ್ಲಿ ದೀಪವಿದೆ. ಕೇಳಿದರೆ, “ಮಾವ, ನಾವು ಹಚ್ಚದಿದ್ದರೆ ಪಕ್ಕದವರು ಹಚ್ಚುತ್ತಾರೆ, ನಮ್ಮ ಕೆಳಗಿನ ಮೀನೂ ಅಲ್ಲಿಗೆ ಹೋಗುತ್ತದೆ” ಎನ್ನುತ್ತಾನೆ. ಅವನದು ತಪ್ಪಲ್ಲ. ಹೆಚ್ಚು ಬೆಳಕಿರುವ ಬೋಟಿಗೇ ಮೀನು ಹೋಗುವುದು. ನಾಲ್ಕು ಬಲ್ಬಿನಿಂದ ಶುರುವಾದದ್ದು ಈ ಸ್ಥಿತಿಗೆ ಬಂದದ್ದೇ ಹಾಗೆ. ಆದ್ದರಿಂದ ಒಬ್ಬೊಬ್ಬರ ಮನಸ್ಸಾಕ್ಷಿಗೆ ಬಿಟ್ಟರೆ ಇದು ನಿಲ್ಲುವುದಿಲ್ಲ, ಒಂದೇ ದಿನ ಎಲ್ಲರ ದೀಪವೂ ಇಳಿಯಬೇಕು. ಇದರಲ್ಲಿ ಎಲ್ಲಕ್ಕಿಂತ ಹೆಚ್ಚು ಬಡವಾಗಿರುವವರು ದಡದಿಂದ ಸಣ್ಣ ಬಲೆ ಎಳೆಯುವ ಕೈರಂಪಣಿಯವರು, ನಾಡದೋಣಿಯವರು, ಗಾಳದವರು. ದಡದ ಕಡೆ ಬರಬೇಕಾದ ಮೀನು ಆಚೆಯೇ ದೀಪಕ್ಕೆ ಸಿಕ್ಕಿಹೋದರೆ ಅವರು ಯಾವುದಕ್ಕೆ ಬಲೆ ಬೀಸುವುದು?

ದೀಪದ ಬೋಟ್‌ಗಳನ್ನು ಹಿಡಿಯುವುದು ಕಷ್ಟವೇನೂ ಅಲ್ಲ. ನಡುಕಡಲಿನಲ್ಲಿ ಬೋಟ್ ಬೆನ್ನಟ್ಟುವ ಸಾಹಸ ಬೇಡ. ಕ್ಯಾಬಿನ್ನಿನ ದೀಪ, ವೈರ್‌ಲೆಸ್, ಜಿಪಿಎಸ್‌ಗಳಿಗೆ ಎಂಜಿನ್ನಿನಿಂದ ಚಾರ್ಜ್ ಆಗುವ ಬ್ಯಾಟರಿ ಸಾಕು. ಮದುವೆ ಮನೆಗೆ ಸಾಲುವಷ್ಟು ದೊಡ್ಡ ಜನರೇಟರ್ ಪರ್ಸಿನ್ ಬೋಟಿನ ಮೇಲಿದ್ದರೆ ಅದು ಯಾತಕ್ಕೆ ಎಂಬುದು ದಕ್ಕೆಯ ಮೇಲೆ ನಿಂತ ಯಾರಿಗೂ ಗೊತ್ತಾಗುತ್ತದೆ. ಬೋಟ್ ಹೊರಡುವ ಮೊದಲೇ ಅದನ್ನು ಇಳಿಸಬೇಕು, ಎರಡನೆಯ ಸಲ ಕಂಡರೆ ಡೀಸೆಲ್ ಸಹಾಯಧನ ನಿಲ್ಲಿಸಬೇಕು. ಬೆರಳುದ್ದದ ಮೀನನ್ನು ತೂಕ ಹಾಕಿ ಕೊಳ್ಳುವ ಲಾರಿಯವರನ್ನೂ ಕೇಳಬೇಕು. ಕೊಳ್ಳುವವರಿಲ್ಲದಿದ್ದರೆ ಹಿಡಿಯುವವರೂ ಯೋಚಿಸುತ್ತಾರೆ. ದಾಳಿ ನಡೆಸಿದೆವು, ದಂಡ ಹಾಕಿದೆವು ಎಂಬ ಸುದ್ದಿಯನ್ನು ನಾನೂ ಪತ್ರಿಕೆಯಲ್ಲಿ ಓದುತ್ತೇನೆ. ಓದಿ ಮುಗಿಸಿ ಅಂಗಳಕ್ಕೆ ಬಂದರೆ ಪಡುವಣದಲ್ಲಿ ಬೆಳಕು ಕಾಣುತ್ತಿರುತ್ತದೆ.

ಹೆಸರು ಪ್ರಕಟಿಸಬೇಡಿ ಎಂದು ವಿನಂತಿ. ತಂಗಿಯ ಮಗ ನಾಳೆಯೂ ಅದೇ ಬೋಟಿಗೆ ಹೋಗಬೇಕು. ನಾನು ಬರೆದದ್ದು ಸುಳ್ಳು ಎನಿಸಿದವರಿಗೆ, ಮಂಗಳೂರಿನ ಆ ಓದುಗರಿಗೂ ಸೇರಿಸಿ, ಒಂದು ಆಹ್ವಾನವಿದೆ. ಹುಣ್ಣಿಮೆಯ ಆಸುಪಾಸಿನಲ್ಲಿ ಬಂದರೆ ಪ್ರಯೋಜನವಿಲ್ಲ, ತಿಂಗಳ ಬೆಳಕಿನಲ್ಲಿ ದೀಪ ಮಂಕಾಗುವುದರಿಂದ ಆ ನಾಲ್ಕೈದು ದಿನ ಬೋಟ್‌ಗಳು ದಕ್ಕೆಯಲ್ಲೇ ಇರುತ್ತವೆ. ಅಮಾವಾಸ್ಯೆಯ ಹಿಂದೆ ಮುಂದೆ, ರಾತ್ರಿ ಹನ್ನೊಂದರ ಮೇಲೆ ಕಾಪು ಕಡಲ ದಂಡೆಗೆ ಬಂದು ದೀಪಸ್ತಂಭಕ್ಕೆ ಬೆನ್ನು ಹಾಕಿ ನಿಂತು ನೋಡಿ. ಕಳೆದ ಅಮಾವಾಸ್ಯೆಗೆ ಮೊಮ್ಮಗ ಹದಿನೇಳು ಎಣಿಸಿದ. ನನಗೆ ಹದಿನಾಲ್ಕು ಕಂಡವು, ಒಂದು ಕಣ್ಣಿಗೆ ಪೊರೆ ಬಂದಿದೆ.

ಇಂತಿ,
ಒಬ್ಬ ನಿವೃತ್ತ ತಾಂಡೇಲ
ಕಾಪು, ಉಡುಪಿ ಜಿಲ್ಲೆ